ಏಳನೇ ಆಟದಲ್ಲಿ, ನಮ್ಮವರೇ

ಪ್ರೀತಿಯ ತಮ್ಮ ನಾರ್ಮಾನ್‌ಗೆ,

ಗೆದ್ದೆವು ಕಣೋ! ಹಾಕಿ ಸರಣಿಯ ಕೊನೆಯ, ಏಳನೇ ಆಟದ ಹೆಚ್ಚುವರಿ ಸಮಯದಲ್ಲಿ, ಒಂದೇ ಒಂದು ಗೋಲಿನಿಂದ, ಇದೀಗ! ಮಾಂಟ್ರಿಯಲ್ ಬೀದಿಯ ತುಂಬ ಕಾರುಗಳ ಹಾರ್ನ್. ಕಿಟಕಿಯ ಬಳಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ನಗಬೇಡ.

ಮೂರು ಆಟ ಸೋತು ಒಂದನ್ನೇ ಗೆದ್ದಿದ್ದಾಗ ನಿನ್ನ ಭಾವ ಕನ್ನಡಿಯ ಮುಂದೆ ನಿಂತುಬಿಟ್ಟಿದ್ದರು. "ಮುಗೀತು ಯುಗೆಟ್, ಈ ಗಡ್ಡ ತೆಗೆದುಬಿಡ್ತೀನಿ. ಕೆರೆತ ತಡೆಯೋಕಾಗ್ತಿಲ್ಲ."

ತಂಡದ ಅದೃಷ್ಟಕ್ಕೆಂದು ಬಿಟ್ಟ ಗಡ್ಡವನ್ನು ತಂಡ ಹೊರಬೀಳುವ ಮೊದಲೇ ಮುಟ್ಟುವುದುಂಟೇ! ರೇಜರನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತುಬಿಟ್ಟೆ. "ಬೋಳಿಸಿದ್ರೆ ಬಟಾಣಿ ಸೂಪೂ ಇಲ್ಲ, ಮಾತೂ ಇಲ್ಲ" ಅಂದೆ.

"ಆಹಾ! ಹೋದ ವರ್ಷ ಚೀಟೀಲಿ ಎದುರಾಳಿ ತಂಡದ ಹೆಸರು ಬರೆದೋಳು ನೀನೇ ತಾನೆ?" ಅಂದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಪ್ರತಿ ವಸಂತದಲ್ಲೂ ನಾವಿಬ್ಬರು ಯಾರು ಗೆಲ್ಲುತ್ತಾರೆಂದು ಚೀಟಿಯಲ್ಲಿ ಭವಿಷ್ಯ ಬರೆದು ಲಕೋಟೆ ಅಂಟಿಸಿ ನನ್ನ ಫ್ರೀಜರಿನಲ್ಲಿ ಇಡುತ್ತಿದ್ದೆವಲ್ಲ. ಸೋತವರು ಫೋನ್ ಮಾಡಿ ಸೋಲೊಪ್ಪಬೇಕು ಎಂಬ ನಿಯಮ ನಿನ್ನದೇ. ಹೋದ ವರ್ಷ ನನ್ನ ಚೀಟಿ ನಿಜವಾದಾಗ "ನೀನು ದ್ರೋಹಿ ಕಣಕ್ಕಾ" ಅಂತ ಬಾಗಿಲು ಬಡಿದು ಹೋದೆ. ಸೋತವನು ನೀನು, ಫೋನ್ ನೀನೇ ಮಾಡು ಎಂದು ಬೇಸಿಗೆಯೆಲ್ಲ ಕಾದೆ. ಅಕ್ಟೋಬರಿನಲ್ಲಿ ಫೋನ್ ಬಂತು, ಮಾಡಿದವಳು ನಿನ್ನ ಹೆಂಡತಿ, ನಿನ್ನ ಮಣ್ಣಿಗೆ ಬಾ ಎಂದು ಕರೆಯಲು.

ಈ ಸಲ ಎರಡೂ ಚೀಟಿಗಳನ್ನು ನಾನೇ ಬರೆದಿದ್ದೆ. ಈಗ ಒಡೆದು ನೋಡಿದೆ. ನನ್ನದರಲ್ಲಿ, "ನಮ್ಮವರು, ಆರನೇ ಆಟದಲ್ಲಿ." ನಿನ್ನದರಲ್ಲಿ, ಮೂವತ್ತು ವರ್ಷ ನೀನು ಬರೆದದ್ದೇ: "ನಮ್ಮವರೇ, ಏಳನೇ ಆಟದಲ್ಲಿ."

ಕರಾರುವಾಕ್ಕಾಗಿ ಹೇಳಿದೆ ನೋಡು, ಪುಣ್ಯಾತ್ಮ! ಸೋತವಳು ನಾನು. ನಿಯಮದ ಪ್ರಕಾರ ಈಗ ಫೋನ್ ನಾನೇ ಮಾಡಬೇಕು.

ನಿನ್ನ ಅಕ್ಕ,
ಯುಗೆಟ್