ಕೇಕು ಈ ಸಲ ಈಗಲೇ ಬೇಡ

ಸೆಮ್‌ಗೋಲ್, ಜೇಜು ದ್ವೀಪ
18 ಅಕ್ಟೋಬರ್ 2005

ಪ್ರೀತಿಯ ಚುನ್‌ಹ್ವಾ ಅಕ್ಕಾ,

ಮಂಡಿ ನೋವು ಹೇಗಿದೆ? ಒಸಾಕಾದ ಆ ಮೂರನೇ ಮಹಡಿ ಬಿಟ್ಟು ಕೆಳಗಿನ ಮನೆಗೆ ಬಾ ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅರವತ್ಮೂರಾದರೂ ಸಮುದ್ರಕ್ಕೆ ಇಳಿಯುವುದು ಬಿಟ್ಟಿಲ್ಲ, ಮೊನ್ನೆ ಎರಡು ಆಕ್ಟೋಪಸ್ ಹಿಡಿದು ತಂದೆ. ಫೋನಿನಲ್ಲಿ ಅಪ್ಪನ ಮಾತೆತ್ತಿದರೆ ನೀನು ಪಟ್ಟನೆ ಇಟ್ಟುಬಿಡುತ್ತೀಯ, ಅದಕ್ಕೇ ಈ ಪತ್ರ.

ಅಪ್ಪನ ತಿಥಿಗೆ ವರ್ಷವೂ ಅಂಚೆಯಲ್ಲಿ ಕಳಿಸುವ ಕೇಕನ್ನು ಈಗಲೇ ಕಳಿಸಬೇಡ. ತಿಥಿಯ ದಿನ ಬದಲಾಗಿದೆ. ಇವಳಿಗೆ ತಲೆ ಕೆಟ್ಟಿದೆ ಅನ್ನಬೇಡ, ಪೂರ್ತಿ ಓದು. ಅಪ್ಪ ಸತ್ತ ದಿನ ಗೊತ್ತಿಲ್ಲದೆ ಅಮ್ಮ ಚಾಂದ್ರಮಾನದ ಹತ್ತನೇ ತಿಂಗಳ ಇಪ್ಪತ್ತನ್ನು ಹಿಡಿದಳಲ್ಲ, ಆ ನಲವತ್ತೆಂಟರಲ್ಲಿ ಬೆಟ್ಟಕ್ಕೆ ಓಡಿದವರೆಲ್ಲ ದಂಗೆಕೋರರೆಂದು ಹುಡುಕುತ್ತಾ ಸೈನಿಕರು ನಮ್ಮ ಅಂಗಳಕ್ಕೆ ಬಂದ ದಿನ? ಊರಲ್ಲಿ ಅರ್ಧ ಮನೆಗಳದ್ದೂ ಇದೇ ಕಥೆ. ಕೆಲವರು ಮನೆ ಬಿಟ್ಟು ಹೋದ ದಿನ ಬಡಿಸುತ್ತಾರೆ, ಕೆಲವರು ಹುಟ್ಟಿದ ದಿನವೇ ಬಡಿಸುತ್ತಾರೆ.

ಕಳೆದ ವರ್ಷ ಸತ್ಯಶೋಧನಾ ಆಯೋಗದಿಂದ ಹ್ಯೋನ್ ಮಿಯೊಂಗ್ ಎಂಬ ಹೆಂಗಸು ಬಂದಿದ್ದಳು. ಬಾಯಿ ಮುಚ್ಚಿಕೊಂಡು ಬದುಕಿದ ನಾವು ಸುಲಭಕ್ಕೆ ಬಿಚ್ಚುತ್ತೇವೆಯೇ? ಪುಣ್ಯಾತ್ಗಿತ್ತಿ ಎರಡು ದಿನ ನನ್ನ ಜೊತೆ ಸುಮ್ಮನೆ ಬೆಳ್ಳುಳ್ಳಿ ಬಿಡಿಸಿದಳು, ಮೂರನೇ ದಿನ ಟೇಪ್ ತೆಗೆದಳು. “ಅಮ್ಮಾ, ಯಾರನ್ನೂ ಹಿಡ್ಕೊಂಡು ಹೋಗಲ್ಲ, ನಡೆದಿದ್ದು ನಡೆದ ಹಾಗೆ ಬರ್ಕೋತೀವಿ ಅಷ್ಟೇ” ಅಂದಳು. “ಹಿಡ್ಕೊಂಡು ಹೋಗೋಕೆ ಉಳಿದಿರೋದಾದ್ರೂ ಯಾರಮ್ಮ, ನಾನು ಮತ್ತೆ ಈ ಬೆಳ್ಳುಳ್ಳಿ” ಅಂದೆ. ನಕ್ಕಳು. ಆಮೇಲೆ ಕೇಳಿದಳು, ಅಪ್ಪ ಬೆಟ್ಟದಲ್ಲಿ ಅಡಗಿದ್ದ ಗುಹೆಯನ್ನು ಸೈನಿಕರಿಗೆ ತೋರಿಸಿದ್ದು ಯಾರು ಎಂದು. ಗೊತ್ತಿಲ್ಲ ಅಂದುಬಿಟ್ಟೆ.

ಅಕ್ಕಾ, ನನಗೆ ಗೊತ್ತಿತ್ತು. ಆರು ವರ್ಷದವಳಾದರೂ ನಿನ್ನ ಪಕ್ಕದಲ್ಲೇ ನಿಂತಿದ್ದೆ. ಅಮ್ಮನ ಎದೆಗೆ ಬಂದೂಕು ಇಟ್ಟಾಗ ನಿನ್ನ ಬೆರಳು ಬೆಟ್ಟದ ಕಡೆ ಎದ್ದದ್ದು ನೋಡಿದ್ದೆ. ಅದಕ್ಕೇ ನೀನು ಊರಿಗೆ ಕಾಲಿಡುವುದಿಲ್ಲ ಅನ್ನುವುದೂ ಗೊತ್ತು. ಹೇಳಬಾರದು ಅಂತ ನಾನು ಹೇಳಲಿಲ್ಲ, ಕೇಳಬಾರದು ಅಂತ ನೀನು ಕೇಳಲಿಲ್ಲ. ಇಷ್ಟು ವರ್ಷ ಕೇಕು, ಮಂಡಿನೋವು ಅಂತ ಏನೇನೋ ಮಾತಾಡಿಕೊಂಡೇ ಇದ್ದುಬಿಟ್ಟೆವು.

ಹೋದ ವಾರ ಮಿಯೊಂಗ್ ಆಗಿನ ಸೈನ್ಯದವರ ಒಂದು ಹಳೆಯ ಪಟ್ಟಿಯ ಪ್ರತಿ ತಂದಳು. ಅಪ್ಪನ ಹೆಸರು, ವಯಸ್ಸು, ಊರು ಎಲ್ಲವೂ ಇದೆ. ಗುಂಡಿಕ್ಕಿದ್ದು ನಮ್ಮ ಚಾಂದ್ರಮಾನದ ಲೆಕ್ಕಕ್ಕೆ ಹನ್ನೊಂದನೇ ತಿಂಗಳ ಹದಿನೇಳರಂದು. ನಾನು ಅತ್ತೆ, ಆಮೇಲೆ ನಗು ಬಂತು. ಐವತ್ತಾರು ವರ್ಷ ತಿಂಗಳು ಮೊದಲೇ ಎಡೆ ಇಟ್ಟು ಬಡಿಸಿದ್ದೇವೆ, ಪಾಪ, ಅಪ್ಪ ಒಂದು ಸಲವೂ ಬೇಡ ಅಂದಿಲ್ಲ! ಈಗ ಸರಿಯಾದ ದಿನ ಸಿಕ್ಕಿದೆ. ಮೈಯೆಲ್ಲ ಹಗುರ ಅನ್ನಿಸುತ್ತಿದೆ, ರಾತ್ರಿ ಪಕ್ಕದ ಮನೆಗೆ ಕೇಳುವ ಹಾಗೆ ಗೊರಕೆ ಹೊಡೆಯುತ್ತೇನಂತೆ.

ಬಿಸಿನೀರಿನ ಶಾಖ ತಪ್ಪಿಸಬೇಡ. ಬೆಚ್ಚಗಿರು.

ನಿನ್ನ ತಂಗಿ,
ಓಕ್‌ಸೂನ್

ತಾ.ಕ.: ಅಂಚೆಯವನು ಬಂದು ನಿಂತಿದ್ದಾನೆ, ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಹೋಗಲಿಲ್ಲ. ಆ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಬೆಟ್ಟ ಇಳಿದು ಬಂದವರನ್ನು ಬಿಟ್ಟುಬಿಡುತ್ತೇವೆ ಎಂದು ಸೈನಿಕರು ಚೀಟಿ ಹಂಚಿದ್ದರಲ್ಲ, ಅದನ್ನು ನಂಬಿ ಅಪ್ಪ ಹತ್ತನೇ ತಿಂಗಳ ಹದಿನೆಂಟರಂದೇ ತಾನಾಗಿ ಸೈನಿಕರು ಬೀಡುಬಿಟ್ಟಿದ್ದ ಪೇಟೆಯ ಶಾಲೆಗೆ ಹೋಗಿ ಶರಣಾಗಿದ್ದ. ನೀನು ಬೆರಳು ತೋರಿಸಿದ್ದು ಇಪ್ಪತ್ತರಂದು. ಗುಹೆ ಆಗಲೇ ಖಾಲಿಯಾಗಿತ್ತು, ಅಕ್ಕಾ. ನಾನು ಸುಳ್ಳು ಹೇಳಿದ್ದೆ ಎಂದು ಮಿಯೊಂಗ್ ಹತ್ತಿರ ಒಪ್ಪಿಕೊಂಡು, ನಿನ್ನ ಹೆಸರು ಸಮೇತ ಎಲ್ಲ ಬರೆಸಿದೆ. ಕೊನೆಗೆ ಅವಳು ಬರೆದದ್ದು: ಹತ್ತು ವರ್ಷದ ಮಗು ತೋರಿಸಿದ ಜಾಗದಲ್ಲಿ ಯಾರೂ ಇರಲಿಲ್ಲ. ಕೇಕನ್ನು ಅಂಚೆಗೆ ಹಾಕಬೇಡ. ನೀನೇ ತಾ.