ಹದಿನಾಲ್ಕನೆಯ ಚೆಂಡು

ಅಪ್ಪಾ,

ಇವತ್ತು ಓಹಾಯೋ ಹೆದ್ದಾರಿ ಪಕ್ಕದ ಹಳೇ ಸಾಮಾನಿನ ಸಂತೆಯಲ್ಲಿ ಇನ್ನೊಂದು ಬೇಸ್‌ಬಾಲ್ ಸಿಕ್ಕಿತು. ಅದರ ಮೇಲೆ ಆ ಕಾಲದ ಹೆಸರಾಂತ ಆಟಗಾರ ಹ್ಯಾಂಕ್ ಡೊಬ್ರೋವ್‌ಸ್ಕಿಯ ಸಹಿ.

"ಅದು ಬೇಡ ಮಾರಾಯ, ನಕಲಿ," ಎಂದಳು ಮಾರುವ ಮುದುಕಿ ವರ್ನಾ. "ಹ್ಯಾಂಕ್‌ಗೆ ಸಹಿ ಹಾಕೋಕೆ ಸೋಮಾರಿತನ. ತಂಡದ ಬಟ್ಟೆ ಒಗೀತಿದ್ದೋನು ಅವನ ಹೆಸರು ಗೀಚಿಬಿಡ್ತಿದ್ದ. ಅಸಲಿದು ಕೊಡ್ತೀನಿ, ತಗೋ."

"ಇದೇ ಸಾಕು," ಎಂದೆ.

"ಗೊತ್ತಿದ್ದೂ ನಕಲಿ ಕೊಳ್ಳೋ ಪುಣ್ಯಾತ್ಮನ್ನ ಇವತ್ತೇ ನೋಡಿದ್ದು!" ಎಂದು ನಕ್ಕಳು.

ಆ ಬಟ್ಟೆ ಒಗೆಯುವವನು ನನ್ನಪ್ಪ ಎನ್ನಲು ಇವತ್ತೂ ಬಾಯಿ ಬರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ನಿನ್ನನ್ನು ಮೋಸಗಾರ ಎಂದು ಬೈದು ಮನೆ ಬಿಟ್ಟವನು ನಾನು.

ನನ್ನ ಕಪಾಟಿನಲ್ಲಿ ಈಗ ನಿನ್ನ ಕೈಬರಹದ ಹದಿನಾಲ್ಕು ಚೆಂಡುಗಳಿವೆ. ಒಂದರಲ್ಲೂ ನಿನ್ನ ಹೆಸರಿಲ್ಲ. ನಿನ್ನ ಹೆಸರಿದ್ದ ಕಾಗದಗಳನ್ನೆಲ್ಲ ನಾನು ಒಡೆದು ನೋಡದೆ ಹಿಂದಕ್ಕೆ ಕಳಿಸಿದ್ದೆ.