ಅಳತೆ ಪುಸ್ತಕದ ಹದಿಮೂರನೇ ತಾರೀಖು

ಅಕ್ರಮ ಹಣ ವರ್ಗಾವಣೆ ತಡೆ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನೀವು ಸಹಿ ಹಾಕಿದ ಗೋಪ್ಯ ಸುತ್ತೋಲೆ ಕಳ್ಳರ ಕೈಗೆ ಹದಿಮೂರನೇ ತಾರೀಖು ಸಿಕ್ಕಿತು. ಕಳ್ಳರನ್ನು ಪತ್ತೆಹಚ್ಚಬೇಕಾದ ನನಗೆ ಅದು ಸಿಕ್ಕಿದ್ದು ಇಪ್ಪತ್ತೊಂದಕ್ಕೆ. ನಡುವಿನ ಎಂಟು ದಿನ ಅದು ಎಲ್ಲಿತ್ತು, ಯಾರ ಮೇಜಿನ ಮೇಲೆ ಮಲಗಿತ್ತು, ಯಾರ ಕಿಸೆಯಲ್ಲಿ ಓಡಾಡಿತು ಎಂದು ಕೇಳುವುದಕ್ಕೇ ಈ ಪತ್ರ. ಬರುವ ಗುರುವಾರ ಒಬ್ಬ ಹೊಲಿಗೆ ಕೆಲಸದ ಹೆಂಗಸು ಆರೋಪಿಯಾಗಿ ನ್ಯಾಯಾಲಯದಲ್ಲಿ ನಿಲ್ಲಲಿದ್ದಾರೆ. ಆದ್ದರಿಂದ ದಯವಿಟ್ಟು ಇದನ್ನು ಬುಧವಾರದೊಳಗೆ ಓದಿ ಮುಗಿಸಿ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕೊಂದರಲ್ಲಿ ಸಂಶಯಾಸ್ಪದ ವಹಿವಾಟುಗಳನ್ನು ನೋಡುವ ಕೆಲಸ ನನ್ನದು. ಯಾವುದಾದರೂ ಖಾತೆಯಲ್ಲಿ ಹಣ ವಿಚಿತ್ರವಾಗಿ ಹರಿದಾಡಿದರೆ ಕಂಪ್ಯೂಟರ್ ನನಗೆ ಎಚ್ಚರಿಕೆ ಕೊಡುತ್ತದೆ. ನಾನು ಖಾತೆದಾರರನ್ನು ಕರೆಸಿ ವಿಚಾರಿಸುತ್ತೇನೆ. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅನುಮಾನದಕ್ಕ ಎಂದು. ಊಟದ ಡಬ್ಬಿ ಕಾಣದಿದ್ದರೂ ನನ್ನ ಹತ್ತಿರವೇ ದೂರು ಬರುತ್ತದೆ. ಈ ಹೆಸರಿನ ಬಗ್ಗೆ ನನಗೊಂದಿಷ್ಟು ಜಂಬವೂ ಇತ್ತು. ಅದು ಹೇಗೆ ಇಳಿಯಿತು ಎಂದು ಮುಂದೆ ಹೇಳುತ್ತೇನೆ.

ಕಾಲಕ್ಕೆ ತಕ್ಕಂತೆ ಬದಲಾಗುವ ವಂಚನೆಗಳ ಬಗ್ಗೆ ನಾವು ಸದಾ ಕಲಿಯುತ್ತಿರಬೇಕು ಎಂಬುದು ನಿಮ್ಮ ಇಲಾಖೆಯ ಘನ ಆಶಯ. ಅದಕ್ಕಾಗಿ ವರ್ಷಕ್ಕೊಮ್ಮೆ ನಲವತ್ತೆಂಟು ನಿಮಿಷಗಳ ಒಂದು ಚಿತ್ರ ತೋರಿಸುತ್ತೀರಿ. ಅದರಲ್ಲಿ ಕಪ್ಪು ಕನ್ನಡಕದ ಒಬ್ಬ ಆಸಾಮಿ ಸೂಟ್‌ಕೇಸ್ ತುಂಬ ನೋಟು ಹೊತ್ತು ಬ್ಯಾಂಕಿನೊಳಗೆ ಬರುತ್ತಾನೆ. ಒಂಬತ್ತು ವರ್ಷಗಳಿಂದ ಬರುತ್ತಲೇ ಇದ್ದಾನೆ, ಪಾಪ, ಒಂದು ಸಲವೂ ಕನ್ನಡಕ ತೆಗೆದಿಲ್ಲ. ಆಮೇಲೆ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ. ಪ್ರಶ್ನೆಗಳೂ ಒಂಬತ್ತು ವರ್ಷಗಳಿಂದ ಅವೇ. ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಸ್ಟೇಪ್ಲರ್, ಪೆನ್ನು, ಗುರುತಿನ ಚೀಟಿಯ ಜೊತೆಗೆ ಉತ್ತರಗಳ ಚೀಟಿಯನ್ನೂ ಕೊಡುವ ಪದ್ಧತಿಯಿದೆ. ಆ ಚೀಟಿ ಬರೆದವಳು ನಾನೇ. ಚಿತ್ರ ಒಂದು ಕಡೆ ತನ್ನ ಪಾಡಿಗೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಯಾರೋ ಕೂಗುತ್ತಾರೆ, "ಅಕ್ಕಾ, ಹದಿನಾಲ್ಕನೇದು ಸಿ ತಾನೇ?" ನಾನು ತಲೆ ಎತ್ತದೆ ಹೂಂಗುಟ್ಟುತ್ತೇನೆ. ಇಪ್ಪತ್ತಕ್ಕೆ ಇಪ್ಪತ್ತು ಬಂದವರಿಗೆ ನಿಮ್ಮ ಸಹಿಯ ಪ್ರಮಾಣಪತ್ರ ಬರುತ್ತದೆ: "ನೀವೀಗ ಸನ್ನದ್ಧರಾಗಿದ್ದೀರಿ." ನನ್ನ ಬಳಿ ಅಂಥವು ಒಂಬತ್ತಿವೆ.

ಹೀಗೆ ಒಂಬತ್ತು ಸಲ ಸನ್ನದ್ಧಳಾದ ನನ್ನ ಎದುರಿಗೆ, ಸುತ್ತೋಲೆ ಬಂದ ನಾಲ್ಕನೇ ದಿನ, ಆ ಹೊಲಿಗೆಯಾಕೆ ಬಂದು ಕೂತರು. ಸಣ್ಣ ಅಂಗಡಿ, ಎರಡು ಮಷಿನ್ನು, ಪರದೆ, ಸಮವಸ್ತ್ರ, ಸೋಫಾದ ಗವಸು ಹೊಲಿಯುವ ಕೆಲಸ. ಅಂಥವರ ಖಾತೆಗೆ ಎರಡು ತಿಂಗಳಲ್ಲಿ ಒಂದು ದೊಡ್ಡ ಅಂಗಡಿಗೆ ಬರುವಷ್ಟು ಹಣ ಬಂದಿತ್ತು, ಬಂದಂತೆಯೇ ಹೋಗಿತ್ತು. ನಿಮ್ಮ ಇಲಾಖೆ ಗೊತ್ತುಮಾಡಿದ ಐದು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದೆ. ಹಣ ಎಲ್ಲಿಂದ ಬಂತು? ಕಳಿಸಿದವರು ಯಾರು? ಈಗಲೇ ಯಾಕೆ ಇಷ್ಟೊಂದು? ಎಲ್ಲಿಗೆ ಕಳಿಸಿದಿರಿ? ಬೇರೆ ಯಾರಾದರೂ ಹೇಳಿ ಮಾಡಿಸಿದರೇ? ಆಕೆ ಒಂದಕ್ಕೂ ತಡವರಿಸಲಿಲ್ಲ. ಹೊಲಿಗೆ ಆರ್ಡರು, ಹಳೇ ಗಿರಾಕಿಗಳು, ಶಾಲೆ ಶುರುವಾಗುವ ಕಾಲ, ಬಟ್ಟೆಯ ಸಗಟು ವ್ಯಾಪಾರಿಗೆ, ಇಲ್ಲ ನನ್ನದೇ ವ್ಯವಹಾರ. ಒಂದೊಂದು ಉತ್ತರ ಮುಗಿದಾಗಲೂ ಆಕೆ ಮಡಿಲಲ್ಲಿದ್ದ ಕೈಯ ಒಂದೊಂದು ಬೆರಳು ಮಡಚುತ್ತಿದ್ದರು. ನಾನದನ್ನು ನೋಡಿದೆ ಮಾನ್ಯರೇ. ನೋಡಿಯೂ, ಪಾಪ, ಬ್ಯಾಂಕಿನವರ ಮುಂದೆ ಭಯ ಇರಬೇಕು ಅಂದುಕೊಂಡೆ. "ವಿವರಣೆ ಸಮಾಧಾನಕರ" ಎಂದು ಬರೆದು ಕಡತ ಮುಚ್ಚಿದೆ. ಬಾಯಿಪಾಠ ಮಾಡಿದ ಉತ್ತರ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಎರಡು ವಾರ ಕಳೆದ ಮೇಲೆ ವಂಚಕರ ಮಾತು ನಂಬಿ ಹಣ ಕಳೆದುಕೊಂಡವರ ದೂರುಗಳು ಬಂದವು. ಆ ಹಣ ಆಕೆಯ ಖಾತೆ ಹಾದೇ ಹೋಗಿತ್ತು. ಪೊಲೀಸರು ಖಾತೆ ತಡೆಹಿಡಿದರು, ಅಂಗಡಿಗೆ ಬೀಗ ಜಡಿದರು. ಹಣ ಮುಂದೆ ಎಲ್ಲಿಗೆ ಹೋಯಿತು ಎಂದು ಯಾರಿಗೂ ಹಿಡಿಯಲಾಗಲಿಲ್ಲ. ಕೈಗೆ ಸಿಕ್ಕಿದ್ದು ಆಕೆಯೊಬ್ಬರೇ. ಹಾಗಾಗಿ ಆಕೆಯೇ ಜಾಲದ ರೂವಾರಿ ಎಂದು ಆರೋಪಪಟ್ಟಿ ಸಿದ್ಧವಾಯಿತು. ಜಾಮೀನು ಸಿಕ್ಕ ಮರುದಿನ ಆಕೆ ನನ್ನನ್ನು ಹುಡುಕಿಕೊಂಡು ಬ್ಯಾಂಕಿಗೆ ಬಂದರು. ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ಅವತ್ತು ನೀವೊಬ್ರೇ ಮೇಡಂ ನನ್ ಹತ್ರ ನಗ್ತಾ ಮಾತಾಡಿದ್ದು" ಅಂದರು.

ಆಮೇಲೆ ಆಕೆ ಚೀಲದಿಂದ ಅಳತೆ ಪುಸ್ತಕ ತೆಗೆದರು. ಗಿರಾಕಿಗಳ ಅಳತೆ, ಬಟ್ಟೆಯ ತುಣುಕು, ಕೊಡಬೇಕಾದ ದಿನ ಬರೆದಿಡುವ ಪುಸ್ತಕ. ಅದರ ನಡುನಡುವೆ ಪಾಠಗಳಿದ್ದವು.

"ಇದೇನಮ್ಮ ಇದು?"

"ಪ್ರತಿ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ ಹೇಳ್ಕೊಡ್ತಿದ್ರು ಮೇಡಂ. ಬಟ್ಟೆ ರಫ್ತು ಮಾಡೋ ಕಂಪನಿ, ನೀವು ನಮ್ಮ ಏಜೆಂಟು ಅಂತ ಹೇಳಿದ್ರು. ಬ್ಯಾಂಕಲ್ಲಿ ಏನ್ ಕೇಳ್ತಾರೆ, ಏನ್ ಹೇಳ್ಬೇಕು, ಎಲ್ಲಾ. ತಪ್ಪಾದ್ರೆ ಬೇಜಾರಿಲ್ದೆ ಇನ್ನೊಂದ್ಸಲ ಹೇಳೋರು. ನಾನು ಕೈಗೆ ಸಿಕ್ಕಿದ್ರಲ್ಲೇ ಬರ್ಕೊಂಡೆ."

ವಾರಕ್ಕೊಂದು ಪಾಠ ಮಾನ್ಯರೇ! ಕಪ್ಪು ಕನ್ನಡಕವಿಲ್ಲ, ಸೂಟ್‌ಕೇಸ್ ಇಲ್ಲ. ವಿದ್ಯಾರ್ಥಿನಿಗೆ ಅರ್ಥವಾಯಿತೇ ಎಂದು ಕೇಳುವ ಶಿಕ್ಷಕರು. ಅವರ ತರಬೇತಿಯ ಮುಂದೆ ನಿಮ್ಮದನ್ನು ಇಟ್ಟು ನೋಡಿ, ಹೊಟ್ಟೆಕಿಚ್ಚಾಗದಿದ್ದರೆ ಕೇಳಿ.

ನಾನು ಪುಟ ಮಗುಚುತ್ತಾ ಹೋದೆ. ಒಂದು ಪುಟವನ್ನು ಎರಡೆರಡು ಸಲ ಓದಿದೆ. ಮೇಲೆ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಕಿಟಕಿ ಪರದೆಯ ಅಳತೆ, ಕೆಳಗೆ ಶಾಲಾ ಸಮವಸ್ತ್ರದ್ದು, ಎರಡಕ್ಕೂ ಹದಿಮೂರನೇ ತಾರೀಖು. ಅವೆರಡರ ನಡುವೆ: "ಇನ್ನು ಮುಂದೆ ಬಂದ ಹಣ ಗಂಟೆಯೊಳಗೆ ಕಳಿಸಬಾರದು. ಒಂದು ದಿನ ಬಿಡಬೇಕು. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಬೇಡ." ನಿಮ್ಮ ಸುತ್ತೋಲೆ ನೆನಪಿದೆಯೇ? ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹಣ ಬಂದು ಗಂಟೆಯೊಳಗೆ ಬರಿದಾಗುವ ಖಾತೆಗಳ ಮೇಲೆ ಕಣ್ಣಿಡಿ ಎಂದಿದ್ದಿರಿ. ನೀವು ಅದಕ್ಕೆ ಸಹಿ ಹಾಕಿದ್ದು ಹನ್ನೆರಡರ ಸಂಜೆ. ಹದಿಮೂರರ ಬೆಳಿಗ್ಗೆ ಅದು ಪರದೆಯ ಉದ್ದ ಅಗಲಗಳ ಕೆಳಗೆ ಬಂದು ಕೂತಿತ್ತು. ಆಮೇಲೆ ಸೇರಿಸಿದ ಬರಹ ಎನ್ನುತ್ತೀರಾ? ಆ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆಯುತ್ತಾರೆ, ಅಡಿಯ ಹಾಳೆ ಅಂದೇ ಗಿರಾಕಿಗೆ ಹೋಗುತ್ತದೆ. ನಾನೇ ಹೋಗಿ ನೋಡಿದೆ. ದಂತವೈದ್ಯರ ಕೈಲಿರುವ ರಶೀದಿಯಲ್ಲಿ ಆ ಮೂರು ಸಾಲುಗಳೂ ಮಸುಕಾಗಿ ಮೂಡಿವೆ. ಪರದೆಗೂ ಇದಕ್ಕೂ ಏನು ಸಂಬಂಧ ಎಂದು ಅವರು ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮ ಮ್ಯಾನೇಜರಿಗೆ ತೋರಿಸಿದೆ. "ಅಕ್ಕಾ, ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?" ಅಂದರು. ನಾನು ಎಳೆದುಕೊಂಡೆ. ಆ ಪುಟದ ನಕಲಿನ ಜೊತೆ ಒಂದು ಮನವಿ ಬರೆದು ನಾನೇ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಮುದ್ರೆ ಒತ್ತಿ, ಸ್ವೀಕೃತಿ ಕೊಟ್ಟು, "ತರಬೇತಿ ಬಗ್ಗೆ ಸಲಹೆ ಇದ್ರೆ ಬೇರೆ ಫಾರಂ ಇದೆ ಮೇಡಂ" ಅಂದರು.

ಮೂರನೇ ದಿನ ಹೊಲಿಗೆಯಾಕೆಗೆ ಫೋನ್ ಬಂತು. ಪಾಠ ಹೇಳುತ್ತಿದ್ದ ಅದೇ ಧ್ವನಿ, ಅದೇ ಮರ್ಯಾದೆ. "ಅಮ್ಮಾ, ಪರದೆ ಅಳತೆ ಇರೋ ಆ ಪುಟ ಹರಿದು ಸುಟ್ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಬ್ಯಾಂಕಿನ ಅಕ್ಕನಿಗೂ ಒಂದ್ಮಾತು ಹೇಳಿ, ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳಂತಲ್ಲ, ನೆಮ್ಮದಿಯಾಗಿರಲಿ."

ನಾನು ಬ್ಯಾಂಕಿನಲ್ಲಿ ಯಾರಿಗೂ ತಿಂಗಳ ಲೆಕ್ಕ ಹೇಳಿಲ್ಲ. ಮನೆಯಲ್ಲಿ ತಂಗಿ ಕೇಳಿದರೂ ಇನ್ನೂ ಇದೆ ಬಿಡೇ ಎನ್ನುತ್ತೇನೆ. ಹದಿನಾಲ್ಕು ತಿಂಗಳು ಎಂದು ಬರೆದದ್ದು ಒಂದೇ ಕಡೆ, ನಿಮಗೆ ಕೊಟ್ಟ ಮನವಿಯ ಕೊನೆಯ ಸಾಲಿನಲ್ಲಿ. ಅಂದಿನಿಂದ ನನ್ನ ಮೇಜಿನ ಫೋನ್ ರಿಂಗಾದರೆ ಎತ್ತುವ ಮೊದಲು ನಂಬರು ನೋಡುತ್ತೇನೆ. ಹೇಳಿಕೊಳ್ಳಲು ಸಂಕೋಚವಿಲ್ಲ, ನನಗೆ ಭಯವಾಗಿದೆ. ಕಳ್ಳರ ಭಯ ನನ್ನ ಕೆಲಸದ ಭಾಗ, ಅದು ರೂಢಿಯಾಗಿದೆ. ನಿಮ್ಮ ಕಟ್ಟಡದ ಭಯ ಹೊಸದು.

ಆದ್ದರಿಂದ ಕೇಳುತ್ತಿದ್ದೇನೆ. ಹನ್ನೆರಡರ ಸಂಜೆಯಿಂದ ಹದಿಮೂರರ ಬೆಳಿಗ್ಗೆಯವರೆಗೆ ಆ ಸುತ್ತೋಲೆ ನೋಡಿದವರು ಯಾರು, ನನ್ನ ಮನವಿ ಓದಿದವರು ಯಾರು? ಎರಡೂ ಪಟ್ಟಿಯಲ್ಲಿರುವ ಹೆಸರನ್ನು ಗುರುವಾರ ನ್ಯಾಯಾಲಯದ ಮುಂದಿಡಿ. ಹೊಲಿಗೆಯಾಕೆಯನ್ನು ಆರೋಪಿಯ ಜಾಗದಿಂದ ಇಳಿಸಿ ಸಾಕ್ಷಿಯಾಗಿ ಕೇಳಿ. ಆಕೆ ತಪ್ಪು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ, ಆಕೆಗೆ ಕಲಿಸಿದವರು ಹೊರಗಿದ್ದಾರೆ ಎನ್ನುತ್ತೇನೆ. ಕಡತ ಮುಚ್ಚಿದ ಸಹಿ ನನ್ನದು, ಅದಕ್ಕೆ ಏನು ಶಿಕ್ಷೆಯೋ ಕೊಡಿ. ಅಳತೆ ಪುಸ್ತಕ ಸುಟ್ಟಿಲ್ಲ. ಅದು ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ, ಗುರುವಾರ ತಾನಾಗಿಯೇ ಬರುತ್ತದೆ.

ಇದನ್ನೆಲ್ಲ ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಕೊಟ್ಟಿರಿ ಎಂದು ನೀವು ಕೇಳಬಹುದು. ಲಕೋಟೆಯಲ್ಲಿ ಕಳಿಸಿದ್ದರೆ ಮೊದಲು ಅವರು ಓದುತ್ತಿದ್ದರು, ಎಂಟು ದಿನ ಕಳೆದು ನೀವು. ಹೀಗೆ ಅಚ್ಚಾದರೆ ಈ ಒಂದು ಸಲವಾದರೂ ಇಬ್ಬರೂ ಒಂದೇ ದಿನ ಓದುತ್ತೀರಿ.

ಇಂತಿ,
ಒಂಬತ್ತು ಪ್ರಮಾಣಪತ್ರಗಳ ಒಡತಿ,
ಐದು ಬೆರಳು ಮಡಚಿದ್ದನ್ನು ಕಂಡೂ ಅನುಮಾನಪಡದ
ಅನುಮಾನದಕ್ಕ